ಮೀನುಮುಳ್ಳಿನ ಹೊಲಿಗೆ

ಕೌದಿ ಹೊಲಿಯುವುದು ನನಗೆ ಹೊಸದಲ್ಲ.
ನ್ಯೂಫೌಂಡ್‌ಲ್ಯಾಂಡಿನ ಈ ಕೊಲ್ಲಿಯಲ್ಲಿ
ನವೆಂಬರಿಗೇ ಕಿಟಕಿಗಾಜು ಬೆಳ್ಳಗಾಗುತ್ತದೆ;
ಹಾಸಿಗೆಗೆ ಒಂದು ಕೌದಿ ಸಾಲದು, ಮೂರು ಬೇಕು.
ಗಂಡನ ಫ್ಲಾನೆಲ್ ಅಂಗಿ, ಬಿಸಿಲಿಗೆ ಮಾಸಿದ ಪರದೆ,
ಅಸ್ತರಿಗೆ ಹಿಟ್ಟಿನ ಚೀಲ.
ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಸೇರಿಸಿ
ನೆಟ್ಟಗೆ ಒಂದೇ ಓಟದ ಹೊಲಿಗೆ,
ಅಂಗುಲಕ್ಕೆ ಒಂಬತ್ತು.
ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಕ್ರಿಸ್ಮಸ್ ಕಳೆದ ವಾರ ಡಲ್ಸಿ ಪೈಕ್ ಬಂದು
ಚೌಕಟ್ಟಿನಲ್ಲಿದ್ದ ಕೌದಿ ನೋಡಿ ಮೂಗು ಮುರಿದಳು:
"ಬೆಚ್ಚಗಿದೆ ಸರಿ, ಮಾತೇ ಆಡುವುದಿಲ್ಲವಲ್ಲ!
ತುಂಡಿಗೊಂದು ಕಸೂತಿ ಕಲಿ.
ಈಸ್ಟರಿನ ಹೊತ್ತಿಗೆ ಇಪ್ಪತ್ತಾಗುತ್ತವೆ."

ಅವಳ ಪಕ್ಕ ಕುಳಿತೆ, ತೊಡೆಯ ಮೇಲೆ ಅಭ್ಯಾಸದ ಬಟ್ಟೆ.
ಅವಳ ಸೂಜಿ ಬಲಕ್ಕೆ ಹೊರಟರೆ ನನ್ನದು ಎಡಕ್ಕೆ.
ಅವಳ ಸರಪಳಿ ಕೊಂಡಿಗೆ ಕೊಂಡಿ ಕೂಡಿತು,
ನನ್ನದು ಕುಣಿಕೆಯಾಗಿ, ಎಳೆದರೆ
ಇರಲೇ ಇಲ್ಲವೆಂಬಂತೆ ಬಿಚ್ಚಿಹೋಯಿತು.
ನಾನು ಎಡಚಿ.
ಶಾಲೆಯಲ್ಲಿ ಸಿಸ್ಟರ್ ಪರ್ಪೆಚುವಾ ಈ ಕೈಯನ್ನು
ಕುರ್ಚಿಯ ಕಾಲಿಗೆ ಕಟ್ಟಿ ಕೂರಿಸಿದ್ದರು,
ಉಪವಾಸದ ನಲವತ್ತು ದಿನ.
ಬಲಗೈ ಅಕ್ಷರ ಕಲಿಯಿತು.
ಎಡಗೈ ಮಿಕ್ಕೆಲ್ಲವನ್ನೂ ತನ್ನಲ್ಲೇ ಇಟ್ಟುಕೊಂಡಿತು.

ಡಲ್ಸಿ ಎದ್ದಳು. ದರದರ ಕುರ್ಚಿ ಎಳೆದು
ಎದುರು ಕುಳಿತಳು, ಮೊಣಕಾಲಿಗೆ ಮೊಣಕಾಲು.
"ಕನ್ನಡಿ ಅಂದುಕೋ ನನ್ನನ್ನ."

ಆಗ ನೆನಪಾಯಿತು, ಇದು ನಮ್ಮ ಹಳೆಯ ಜಾಗವೇ.
ಇಪ್ಪತ್ತೆರಡು ವರ್ಷ ಮೀನಿನ ಕಾರ್ಖಾನೆಯಲ್ಲಿ
ಎದುರುಬದುರು ನಿಂತಿದ್ದೆವು, ನಡುವೆ ಹರಿಯುವ ಪಟ್ಟಿ,
ನನ್ನ ಚಾಕು ಪಕ್ಕದವಳಿಗೆ ತಾಗದಿರಲೆಂದು
ಮೇಸ್ತ್ರಿ ನನ್ನನ್ನು ಯಾವಾಗಲೂ ಕೊನೆಗೆ ನಿಲ್ಲಿಸುತ್ತಿದ್ದ.
ಯಂತ್ರದ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲ;
ಹುಬ್ಬಿನಲ್ಲೇ ಮಾತಾಡಿದೆವು
ಬಸುರು, ಬಾಣಂತನ, ಬಾಗಿಲು ಮುಚ್ಚುವ ಸುದ್ದಿ.

ಕಾಂಡದ ಹೊಲಿಗೆ ಎರಡು ಸಂಜೆಗೆ ಬಂತು.
ಗರಿಯ ಹೊಲಿಗೆ ಗರಿಯಾಗಲು ವಾರ ಹಿಡಿಯಿತು,
ಅದೂ ಗಾಳಿಗೆ ಸಿಕ್ಕ ಕಡಲಹಕ್ಕಿಯದು.
ಫ್ರೆಂಚ್ ಗಂಟು ಮಾತ್ರ ಹೆಣಗಿಸಿತು:
ಒಂದು ಬಟ್ಟೆಯೊಳಗೇ ಮುಳುಗಿತು,
ಒಂದು ಸೂಜಿಯ ಜೊತೆ ಎದ್ದು ಬಂತು,
ಉಳಿದವು ಬ್ರೆಡ್ಡಿನ ಮೇಲಿನ ಬೂಷ್ಟು.
"ಎರಡು ಸುತ್ತು, ಮಾರಾಯ್ತಿ, ಮೂರಲ್ಲ.
ದಾರ ಬಿಗಿಹಿಡಿ, ಉಸಿರು ಬಿಡು."
ಉಸಿರು ಹಿಡಿದಿದ್ದು ಆಗ ಗೊತ್ತಾಯಿತು.

ಹೆರಿಂಗ್ ಮುಳ್ಳಿನ ಹೊಲಿಗೆ ತೋರಿಸಿದ ದಿನ
ನಾನು ನಕ್ಕುಬಿಟ್ಟೆ.
"ಹೆಸರಿಟ್ಟವಳು ಮೀನು ಸೀಳಿದವಳಲ್ಲ.
ಎಲ್ಲಿ ನೋಡಿದ್ದೀ, ಮುಳ್ಳು ಹೀಗೆ
ಒಂದರ ಮೇಲೊಂದು ಅಡ್ಡಹಾಯುವುದನ್ನ?"
"ತಿನ್ನುವುದಕ್ಕಲ್ಲ, ಹೊಲಿ" ಅಂದಳು.
ಗಂಡನ ಅಂಗಿಯ ನೀಲಿಗೂ ಪರದೆಯ ಹಳದಿಗೂ ನಡುವೆ
ತಪ್ಪಾದ ಮುಳ್ಳು ಸಾಲಾಗಿ ನಡೆಯಿತು.

ಮಾರ್ಚಿನಲ್ಲಿ ಡಲ್ಸಿ ಸೇಂಟ್ ಜಾನ್ಸಿಗೆ ಹೋದಳು.
ಚಾಕು ಹಿಡಿದ ವರ್ಷಗಳೆಲ್ಲ
ಬಲ ಮಣಿಕಟ್ಟಿನಲ್ಲಿ ಲೆಕ್ಕ ಬರೆದಿಟ್ಟಿದ್ದವು;
ವೈದ್ಯರು ಕೊಯ್ದು, ಪಟ್ಟಿ ಸುತ್ತಿ,
ಆರು ವಾರ ಸೂಜಿ ಮುಟ್ಟಬೇಡ ಎಂದರು.
"ಎಡಗೈಯ ಬಗ್ಗೆ ಅವರೇನೂ ಹೇಳಲಿಲ್ಲ"
ಎನ್ನುತ್ತಾ ಬಂದು ನಿಂತಳು, ಬೂಟಿನ ಹಿಮ ಕೊಡವಿ.

ಎದುರಿನ ಕುರ್ಚಿ ಬೇಡವೆಂದೆ.
ಪಕ್ಕಕ್ಕೇ ಕೂರಿಸಿಕೊಂಡೆ, ಒಂದೇ ಬೆಂಚು,
ಒಂದೇ ದಿಕ್ಕಿಗೆ ಎರಡು ಸೂಜಿ.
ಅವಳು ಬೈದಳು. ಬೆರಳು ಚುಚ್ಚಿಕೊಂಡಳು.
ಹಲ್ಲಿನಲ್ಲಿ ದಾರ ಹಿಡಿದು ಪೋಣಿಸಿದಳು.
ಸಿಸ್ಟರ್ ಪರ್ಪೆಚುವಾ ನೋಡಬೇಕಿತ್ತು.

ಅವಳ ಎಡಗೈಗೆ ಅಡ್ಡಹಾಯುವುದು ಬರಲಿಲ್ಲ.
ಎರಡೂ ಕಡೆ ಓರೆ ಓರೆಯಾಗಿ ಕಡ್ಡಿ ಬಿದ್ದವು,
ನಡುವೆ ತೆಳುವಾದ ಖಾಲಿ ಗೆರೆ.
"ಥೂ," ಎಂದು ಕತ್ತರಿಗೆ ಕೈ ಚಾಚಿದಳು.

ಕತ್ತರಿಯನ್ನು ನನ್ನ ಏಪ್ರನ್ನಿನೊಳಗೆ ಹಾಕಿಕೊಂಡೆ.
ಹೆಬ್ಬೆರಳಿನಿಂದ ಅದರ ಮೇಲೆ ಸವರಿದೆ,
ತಲೆಯಿಂದ ಬಾಲಕ್ಕೆ,
ಇಪ್ಪತ್ತೆರಡು ವರ್ಷ ಸವರಿದ ಹಾಗೆ.
ಮುಳ್ಳು ಸರಿಯಾಗಿತ್ತು.